ಕುರ್ಚಿಯ ಕೆಳಗಿನ ಗುಲಗಂಜಿ

ನಮ್ಮೂರಲ್ಲಿ ಗುಡಿಸುವವರಿಗೆ ರಜೆ ಅನ್ನುವುದೇ ಇಲ್ಲ. ಜನ ಮಾತಾಡುವುದನ್ನು ಬಿಟ್ಟ ದಿನ ನಮಗೂ ರಜೆ ಸಿಕ್ಕೀತು ಅಂತ ನಮ್ಮವ್ವ ಹೇಳುತ್ತಿದ್ದಳು. ಅವಳು ಪೊರಕೆ ಹಿಡಿದೇ ಸತ್ತಳು. ಆಡಿದ ಮಾತನ್ನು ಕೇಳಬೇಕಾದವರು ಕೇಳದೆ ಹೋದರೆ ಅದು ಅವರ ಕಾಲ ಬುಡದಲ್ಲಿ ಬೀಜವಾಗಿ ಉದುರುತ್ತದೆ. ಉದುರಿದ್ದನ್ನು ಯಾರಾದರೂ ಬಳಿಯಬೇಕು. ಯಾರಾದರೂ ಅಂದರೆ ನಾವು. ಬಳಿದದ್ದು ಶನಿವಾರಕ್ಕೊಮ್ಮೆ ಪುರಸಭೆಯ ಗಾಡಿಯಲ್ಲಿ ಬೀಜದ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಆರಿಸಿ, ಅರೆದು, ರಸ್ತೆಗೆ ಹಾಸುತ್ತಾರೆ. ಪರಊರಿನವರು ನಮ್ಮ ರಸ್ತೆಗಳನ್ನು ಮೆಚ್ಚಿಕೊಂಡು ಹೋಗುತ್ತಾರೆ. ಮಳೆ ಬಿದ್ದು ನೆನೆದಾಗ ಅವು ಸಣ್ಣಗೆ ಗೊಣಗುತ್ತವೆ ಅನ್ನುವುದು ಬರಿಗಾಲಲ್ಲಿ ನಡೆಯುವವರಿಗೆ ಮಾತ್ರ ಗೊತ್ತು.

ನನ್ನ ಹೆಸರು ಕರಿಬಸಮ್ಮ. ಹದಿಹರೆಯದವರ ಗಮನ ಕೇಂದ್ರದಲ್ಲಿ ಗುಡಿಸುತ್ತೇನೆ. ಬೋರ್ಡಿನಲ್ಲಿ ಇರುವ ಹೆಸರು ಅದು. ಊರವರ ಬಾಯಲ್ಲಿ ಅದು ಉದುರಾಸ್ಪತ್ರೆ. ಶಾಲೆಯಲ್ಲಿ ಮೇಷ್ಟ್ರ ಮಾತು ಯಾವ ಮಗುವಿನ ಕಾಲಡಿ ಜಾಸ್ತಿ ಬೀಳುತ್ತದೋ ಆ ಮಗುವಿಗೆ ಚೀಟಿ ಬರುತ್ತದೆ. ಅಪ್ಪ ಅಮ್ಮನ ಜೊತೆ ನಾಲ್ಕು ಸಲ ಬಂದು ಡಾಕ್ಟರ ಮುಂದೆ ಕೂರಬೇಕು. ಪ್ರತಿ ಸಲವೂ ಕೋಣೆ ಗುಡಿಸಿ, ಸಿಕ್ಕ ಬೀಜವನ್ನು ತೂಕದ ಸಾಹೇಬರ ತಕ್ಕಡಿಗೆ ಹಾಕಬೇಕು. ನಾಲ್ಕನೇ ಸಲವೂ ಅರ್ಧ ಸೇರಿಗಿಂತ ಹೆಚ್ಚು ತೂಗಿದರೆ ಮಗುವಿನ ಹೆಸರು ಶಾಲೆಯಿಂದ ಹೊಡೆದುಹಾಕಿ ಬೀಜದ ಶೆಡ್ಡಿಗೆ ಬರೆಯುತ್ತಾರೆ. ಕೇಳಲು ಬಾರದ ಕಿವಿಗೆ ಆರಿಸುವ ಕೈಯಾದರೂ ಇರಲಿ ಅನ್ನುವುದು ಪುರಸಭೆಯ ದೊಡ್ಡ ಮನಸ್ಸು.

ನಾನು ಏಳನೇ ತರಗತಿಯಲ್ಲಿ ಆ ದೊಡ್ಡ ಮನಸ್ಸಿನ ಪಾಲಾದವಳು. ಹನ್ನೊಂದು ವರ್ಷ ಶೆಡ್ಡಿನಲ್ಲಿ ಮೊರ ಹಿಡಿದು ಕೂತೆ. ಓದು ತಪ್ಪಿತು, ಇನ್ನೊಂದು ಓದು ಬಂತು. ಒಬ್ಬೊಬ್ಬರ ಮಾತಿನ ಬೀಜ ಒಂದೊಂದು ಜಾತಿ. ಒಬ್ಬರದು ಹುಣಸೆ ಬೀಜದ ಹಾಗೆ, ಇನ್ನೊಬ್ಬರದು ಸಾಸಿವೆ, ಮತ್ತೊಬ್ಬರದು ಔಡಲ. ಹುಟ್ಟಿನಿಂದ ಸಾವಿನ ತನಕ ಅದು ಬದಲಾಗುವುದಿಲ್ಲ. ನನ್ನದು ರಾಗಿ. ಊರಿನ ದೊಡ್ಡವರಿಗೆ ಇದು ಗೊತ್ತಿಲ್ಲ ಅಂತಲ್ಲ, ಅವರು ಬಗ್ಗಿ ನೋಡಿದವರಲ್ಲ. ಇನ್ನೊಂದು ಸಂಗತಿ ಶೆಡ್ಡಿನವರಿಗಷ್ಟೇ ಗೊತ್ತು: ಬೀಜವನ್ನು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದು ಬಿಸಿ ಮಾಡಿದರೆ ಒಳಗಿನ ಮಾತು ಒಂದು ಸಲ, ಒಂದೇ ಸಲ, ಹೊರಗೆ ಬರುತ್ತದೆ. ಶೆಡ್ಡಿನಲ್ಲಿ ಅದಕ್ಕೆ ನಿಷೇಧವಿತ್ತು. ಕೆಲಸ ನಿಧಾನವಾಗುತ್ತದೆ ಅನ್ನುವುದು ಕಾರಣ.

ಮಂದಾರ ಅನ್ನುವ ಹುಡುಗಿ ಬಂದದ್ದು ಯುಗಾದಿಯ ಹಿಂದಿನ ವಾರ. ಹದಿನೈದು ವರ್ಷ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದರದು ದಾರಿಯಲ್ಲೆಲ್ಲೋ. ಶಾಲೆಯಲ್ಲಿ ಅವಳ ಹೆಸರಿನ ಬಾಲ ಕತ್ತರಿಸಿ ‘ಮಂದ’ ಅಂತ ಕರೆಯುತ್ತಿದ್ದರಂತೆ. ಹಾಗಂತ ಅವಳೇ ನನಗೆ ಹೇಳಿದಳು, ವರಾಂಡದಲ್ಲಿ ಕೂತ ಎರಡನೇ ನಿಮಿಷಕ್ಕೆ, ನಾನು ಕೇಳದೆಯೇ. ಮೂರನೇ ನಿಮಿಷಕ್ಕೆ ನನ್ನ ಪೊರಕೆಯ ಕಡ್ಡಿ ಎಣಿಸುತ್ತಿದ್ದಳು. ಅವಳ ಅಪ್ಪ ತಿಪ್ಪೇಸ್ವಾಮಿ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವವರು. ಇಪ್ಪತ್ತು ವರ್ಷದಿಂದ ಕೂಗುತ್ತಿದ್ದಾರೆ, ಇಪ್ಪತ್ತು ವರ್ಷದಿಂದ ಜನ ಪಕ್ಕದವರನ್ನೇ ಕೇಳಿ ಬಸ್ಸು ಹತ್ತುತ್ತಿದ್ದಾರೆ. ನಿಲ್ದಾಣದಲ್ಲಿ ಹುಣಸೆ ಬೀಜ ಮೊಣಕಾಲುದ್ದ. ದಿನವಿಡೀ ಯಾರೂ ಕೇಳದ ಮನುಷ್ಯ ಮನೆಗೆ ಬಂದು ಮಗಳಾದರೂ ಕೇಳಲಿ ಅಂದುಕೊಂಡರೆ ಅದರಲ್ಲಿ ತಪ್ಪೇನಿದೆ. ಅಮ್ಮ ಪುಷ್ಪಲತಾ ರವಿಕೆ ಹೊಲಿಯುವವರು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಅಭ್ಯಾಸವಾಗಿ, ಸೂಜಿ ಇಲ್ಲದಾಗಲೂ ಹಲ್ಲು ಬಿಡಿಸದೆ ಮಾತಾಡುವರು.

ಡಾಕ್ಟರ್ ಯಶೋಧರ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೆನಪಿಟ್ಟುಕೊಳ್ಳುವುದು ಕಷ್ಟವಾಗುತ್ತದೆ. ಹೊಸಬರು, ದಪ್ಪ ದಪ್ಪ ಪುಸ್ತಕ ಓದಿದವರು. ಗೋಡೆಗೆ ಮೆದುಳಿನ ಚಿತ್ರ ತೂಗುಹಾಕಿದ್ದರು. ಕೋಣೆಯ ಕಿಟಕಿಯ ಕೆಳಗೇ ನನ್ನ ಜಾಗವಾದ್ದರಿಂದ ದೊಡ್ಡ ದನಿಯ ಮಾತುಗಳೆಲ್ಲ ನನಗೆ ಕೇಳುತ್ತಿದ್ದವು.

“ನೋಡಿ ತಿಪ್ಪೇಸ್ವಾಮಿ ಅವರೇ, ಇದಕ್ಕೆ ಎ.ಡಿ.ಎಚ್.ಡಿ. ಅಂತಾರೆ. ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ. ಅವಳ ಮೆದುಳು ಇನ್ನೊಂದು ದಾರಿ ಹಿಡಿದು ಊರಿಗೆ ಬರುತ್ತೆ, ಅಷ್ಟೇ. ಬೈದ್ರೆ ದಾರಿ ಹತ್ತಿರ ಆಗೋದಿಲ್ಲ.”

ಆ ಕೋಣೆಯಲ್ಲಿ ಅಷ್ಟು ಒಳ್ಳೆಯ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಗುಡಿಸುವಾಗ ನೋಡಿದರೆ ಅದು ಇಡಿಯಾಗಿ ತಿಪ್ಪೇಸ್ವಾಮಿಯವರ ಚಪ್ಪಲಿಯ ಪಕ್ಕ ಬಿದ್ದಿತ್ತು. ಡಾಕ್ಟರರದು ಎಳ್ಳು, ಪಾಲಿಶ್ ಮಾಡಿದ ಬಿಳಿ ಎಳ್ಳು. ತಿಪ್ಪೇಸ್ವಾಮಿಯವರು ಆಗ ತಮ್ಮ ಸರದಿಗೆ ಕಾಯುತ್ತಿದ್ದರು. ಸರದಿ ಬಂದಾಗ ಇಪ್ಪತ್ತು ನಿಮಿಷ ಮಾತಾಡಿದರು. ಅವಳು ಹಾಲು ಒಲೆಯ ಮೇಲಿಟ್ಟು ಮರೆತದ್ದು, ಲೆಕ್ಕದ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಬದಲು ಪ್ರಶ್ನೆ ಪತ್ರಿಕೆ ಕೊಟ್ಟು ಬಂದದ್ದು, ಸೋದರಮಾವನ ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ತೆಂಗಿನಮರ ನೋಡುತ್ತ ನಿಂತದ್ದು. ನಡುವೆ ಪುಷ್ಪಲತಾ, “ರೀ, ಅದು ಹೋದ ವರ್ಷ,” ಅಂದರೆ, “ಯಾವ ವರ್ಷ ಆದ್ರೇನು,” ಅನ್ನುವರು. ಹುಡುಗಿಯೂ ಆಗಾಗ ಏನೋ ಅನ್ನುತ್ತಿದ್ದಳು, ಸಣ್ಣ ದನಿ, ಕಿಟಕಿಯ ತನಕ ಬರುತ್ತಿರಲಿಲ್ಲ. “ದೊಡ್ಡವರು ಮಾತಾಡ್ವಾಗ ನಡುವೆ ಬಾಯಿ ಹಾಕ್ಬೇಡ,” ಅನ್ನುವುದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಒಳಗೆ ಹೋದರೆ ನೆಲ ಕಾಣುತ್ತಿರಲಿಲ್ಲ. ಹುಡುಗಿಯ ಕುರ್ಚಿಯ ಕೆಳಗೆ ಹುಣಸೆ ಬೀಜದ ರಾಶಿ, ಅದು ಇರಬೇಕಾದ್ದೇ. ಆದರೆ ಅಪ್ಪನ ಕುರ್ಚಿಯ ಕೆಳಗೆ, ಅಮ್ಮನ ಕುರ್ಚಿಯ ಕೆಳಗೆ, ಡಾಕ್ಟರರ ಮೇಜಿನ ಕೆಳಗೆ ಕೂಡ ಕೆಂಪಗೆ ಹೊಳೆಯುವ ಕಾಳು, ತಲೆಯ ಮೇಲೊಂದು ಕಪ್ಪು ಬೊಟ್ಟು. ಗುಲಗಂಜಿ. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಚೆಂದದ ಬೀಜ ನೋಡಿರಲಿಲ್ಲ. ಚೆಂದವಾಗಿದೆ ಅಂತ ತೂಕ ಕಡಿಮೆ ಇರುತ್ತದೆಯೇ. ತೂಕದ ಸಾಹೇಬರು ರುದ್ರಮುನಿ ತಕ್ಕಡಿ ಎತ್ತಿ ಮುಖ ಗಂಟಿಕ್ಕಿ, “ಮುಕ್ಕಾಲು ಸೇರು. ಮಂದಾರ, ಬಿನ್ ತಿಪ್ಪೇಸ್ವಾಮಿ,” ಅಂತ ಬರೆದುಕೊಂಡರು. ಬಿನ್ ಅಂದ್ರೆ ಮಗ, ಹುಡುಗಿಯರಿಗೆ ಬಿಂತ್ ಅಂತ ಬರೀಬೇಕು ಸ್ವಾಮಿ ಅನ್ನಲು ಹೋಗಿ ಸುಮ್ಮನಾದೆ. ಆದರೆ ಡಾಕ್ಟರರ ಹತ್ತಿರ ಸುಮ್ಮನಿರಲಾಗಲಿಲ್ಲ.

“ಡಾಕ್ಟ್ರೇ, ಈ ಕೆಂಪು ಕಾಳು ಆ ಮಗೂದು. ಅದು ಆಡಿದ್ದನ್ನ ನೀವು ಮೂವರೂ ಕೇಳಿಲ್ಲ. ಅದನ್ನೂ ಅದರ ಹೆಸರಿಗೇ ತೂಗಿದ್ರೆ ಹೆಂಗೆ?”

ಡಾಕ್ಟರು ಹುಡುಗಿಯ ಕಡತದಲ್ಲಿ ‘ಸಂವಹನದ ಕೊರತೆ’ ಅಂತ ಬರೆಯುತ್ತಿದ್ದರು. “ಹ್ಞೂಂ ಕರಿಬಸಮ್ಮ, ಫ್ಯಾನ್ ಆಫ್ ಮಾಡು,” ಅಂದರು. ನನ್ನ ರಾಗಿ ಅವರ ಬೂಟಿನ ಸುತ್ತ ಚೆಲ್ಲಿತು. ಬಳಿದುಕೊಂಡೆ. ಎರಡನೇ ಸಲದ ದಿನವೂ, ಹುಡುಗಿ ಒಳಗೆ ಬರುವ ಮುಂಚೆ, ಅದೇ ಮಾತನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಅದೂ ಬಿತ್ತು. ಅಷ್ಟರಲ್ಲಿ ಅವರೆಲ್ಲ ಬಂದು ಕೂತದ್ದರಿಂದ ಬಳಿಯಲಾಗಲಿಲ್ಲ. ಆ ದಿನದ ತೂಕ ಮುಕ್ಕಾಲು ಸೇರಿನ ಮೇಲೆ ಒಂದು ಚಟಾಕು. ಆ ಒಂದು ಚಟಾಕು ನನ್ನದು. ಹುಡುಗಿಯ ಪರವಾಗಿ ನಾನು ಆಡಿದ್ದೆಲ್ಲ ಹುಡುಗಿಯ ಹೆಸರಿಗೇ ತೂಗಿತು. ಹಿತೈಷಿಗಳು ಹೆಚ್ಚಾದಷ್ಟೂ ಕೇಸು ಗಟ್ಟಿಯಾಗುತ್ತದೆ ಅನ್ನುವುದನ್ನು ಆ ದಿನ ಕಲಿತು ಬಾಯಿಗೆ ಬೀಗ ಹಾಕಿಕೊಂಡೆ.

ಎರಡನೇ ಸಲ ಡಾಕ್ಟರರು ಹೊಸ ಕ್ರಮ ತಂದಿದ್ದರು. ಒಂದು ಹಳದಿ ಚೆಂಡು. ಚೆಂಡು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತಾಡಬೇಕು. ಚೆಂಡು ತಿಪ್ಪೇಸ್ವಾಮಿಯವರ ಕೈಗೆ ಹೋಯಿತು, ಅಲ್ಲೇ ಉಳಿಯಿತು. ಹುಡುಗಿ ಬಗ್ಗಿ ನೆಲದ ಬೀಜ ಹೆಕ್ಕಿ ತನ್ನ ಮಡಿಲಲ್ಲಿ ಜೋಡಿಸುತ್ತ ಕೂತಳು. ಹುಣಸೆ ಒಂದು ಕಡೆ, ಸಾಸಿವೆ ಒಂದು ಕಡೆ. ಕಿಟಕಿಯ ಸರಳಿನ ನಡುವೆ ನಾನು ನೋಡುತ್ತಿದ್ದೆ. ಅವಳ ಕೈ ಆಡುತ್ತಿದ್ದಷ್ಟು ಹೊತ್ತು ಅವಳ ಕಾಲಡಿ ಒಂದು ಬೀಜವೂ ಹೊಸದಾಗಿ ಬೀಳಲಿಲ್ಲ. ಅಪ್ಪ ಹೇಳಿದ ಪ್ರತಿಯೊಂದೂ ಅವಳೊಳಗೆ ಹೋಗುತ್ತಿತ್ತು. ಆಗ ಡಾಕ್ಟರರು ಮೆಲ್ಲಗೆ, ಪುಸ್ತಕದಲ್ಲಿ ಹೇಳಿದ ದನಿಯಲ್ಲಿ, “ಮಂದಾರ, ಅದನ್ನ ಕೆಳಗಿಡು ಪುಟ್ಟ. ಅಪ್ಪ ಮಾತಾಡ್ವಾಗ ಅವರ ಮುಖ ನೋಡ್ಬೇಕು,” ಅಂದರು. ಅವಳು ಕೆಳಗಿಟ್ಟಳು. ಅಪ್ಪನ ಮುಖವನ್ನೇ, ರೆಪ್ಪೆ ಬಡಿಯದೆ, ಮೂಗಿನ ಮೇಲಿನ ಮಚ್ಚೆಯನ್ನೇ ನೋಡುತ್ತ ಕೂತಳು. ಅಲ್ಲಿಂದ ಹುಣಸೆ ಬೀಜ ಆಲಿಕಲ್ಲಿನಂತೆ ಸುರಿಯಿತು.

ಎರಡನೇ ಮತ್ತು ಮೂರನೇ ಸಲದ ನಡುವೆ ಒಂದು ಸಂಜೆ ನಾನು ತಂಗಿಯ ಊರಿಗೆ ಹೋಗಲು ಬಸ್ ನಿಲ್ದಾಣಕ್ಕೆ ಹೋದೆ. ಎಲ್ಲೆಡೆ ಬೀಜ, ಕಾಲಿಟ್ಟಲ್ಲಿ ಜಾರುತ್ತಿತ್ತು. ಧ್ವನಿವರ್ಧಕದ ಕಂಬದ ಕೆಳಗೊಂದು ಕಲ್ಲು ಬೆಂಚು. ಆ ಬೆಂಚಿನ ಸುತ್ತ ನೆಲ ತೊಳೆದಿಟ್ಟ ಹಾಗೆ ಶುಭ್ರ. ಮೇಲೆ ಮಂದಾರ, ಶಾಲೆಯ ಚೀಲ ತೊಡೆಯ ಮೇಲಿಟ್ಟು ಅದರ ದಾರ ಬಿಚ್ಚುತ್ತ ಕೂತಿದ್ದಳು. ಮೇಲಿಂದ ತಿಪ್ಪೇಸ್ವಾಮಿಯವರ ದನಿ: “ಐದು ಗಂಟೆ ಹತ್ತು ನಿಮಿಷದ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ.”

“ಏನು ತಾಯಿ, ಇಲ್ಲಿ?” ಅಂದೆ, ನಾನು ಹೋಗಬೇಕಾದ ಊರನ್ನೂ ಹೇಳಿದೆ.

“ದಿನಾ ಬರ್ತೀನಿ ಕರಿಬಸಕ್ಕ. ಅಪ್ಪಂಗೆ ಗೊತ್ತಿಲ್ಲ. ನಿಮ್ಮ ಬಸ್ಸು ಐದೂ ಮೂವತ್ತೈದಕ್ಕೆ, ನಾಲ್ಕನೇ ಅಂಕಣ. ಆರೂ ಕಾಲಿಂದು ಇವತ್ತಿಲ್ಲ, ಸೋಮವಾರ ಅಲ್ವಾ. ನಿಮ್ಮ ಕುಂಕುಮ ಸ್ವಲ್ಪ ಸೊಟ್ಟಗಿದೆ.”

ಅಷ್ಟು ದೊಡ್ಡ ನಿಲ್ದಾಣದಲ್ಲಿ ತಿಪ್ಪೇಸ್ವಾಮಿಯವರ ಮಾತನ್ನು ಬಿಡದೆ ಕೇಳುವ ಜೀವ ಅದೊಂದೇ. ಆ ಜೀವಕ್ಕೆ ಕೇಳಿಸಿಕೊಳ್ಳುವುದು ಕಲಿಸಿ ಅಂತ ಅವರು ಡಾಕ್ಟರರ ಮುಂದೆ ಕೈ ಮುಗಿಯುತ್ತಿದ್ದರು.

ಮೂರನೇ ಸಲದ ಬಗ್ಗೆ ಹೇಳುವಂಥದ್ದಿಲ್ಲ. ಡಾಕ್ಟರರು ಬಣ್ಣದ ಪಟ್ಟಿ ತಂದಿದ್ದರು, ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸಲು. ನಕ್ಷತ್ರಗಳು ಡಬ್ಬಿಯಲ್ಲೇ ಉಳಿದವು. ಒಂದು ಸೇರು ತೂಗಿತು. ಹೊರಗೆ ಬಂದ ಪುಷ್ಪಲತಾ ವರಾಂಡದ ಕಂಬ ಹಿಡಿದು ನಿಂತು, ಹಲ್ಲು ಬಿಡಿಸದೆಯೇ ಕೇಳಿದರು: “ಕರಿಬಸಮ್ಮ, ಆ ಶೆಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಜಾಗ ಇದ್ಯಾ? ಊಟಕ್ಕೆ ಮನೆಗೆ ಬಿಡ್ತಾರಾ?” ನಾನು, “ಬಿಡಲ್ಲಮ್ಮ,” ಅಂದೆ. ಅವರು ತಲೆಯಾಡಿಸಿದರು. ಕೆಳಗೆ ನೋಡಿದೆ, ನನ್ನ ಮಾತು ಬಿದ್ದಿರಲಿಲ್ಲ. ಹೆದರಿದವರು ಕೇಳುತ್ತಾರೆ.

ಬಾಯಿಗೆ ಬೀಗ ಹಾಕಿದ್ದೆ, ಕೈಗೆ ಹಾಕಿರಲಿಲ್ಲ. ನಾಲ್ಕನೇ ದಿನ ಮನೆಯಿಂದ ಮೊರ ತಂದೆ. ಶೆಡ್ಡಿನಲ್ಲಿ ನಾನು ಹಿಡಿದದ್ದೇ ಮೊರ, ಅಂಚು ಸವೆದಿತ್ತು. ಅದರಲ್ಲಿ ಎರಡು ಹಿಡಿ ಕಲಬೆರಕೆ ಬೀಜ ಹಾಕಿ ಹುಡುಗಿಯ ತೊಡೆಯ ಮೇಲಿಟ್ಟು, “ಒಳಗೆ ಹೋಗಿ ಆರಿಸ್ತಾ ಕೂರು. ಯಾರಾದ್ರೂ ಕೇಳಿದ್ರೆ ಕರಿಬಸಕ್ಕ ಕೆಲಸ ಹೇಳಿದ್ದಾಳೆ ಅನ್ನು,” ಅಂದೆ. ಡಾಕ್ಟರರು ಕೇಳಿದರು, ಅವಳು ಹಾಗೇ ಅಂದಳು. ಕೆಲಸ ಅಂದ ಮೇಲೆ ಅವರು ಬೇಡ ಅನ್ನಲಿಲ್ಲ. ಹೇಗೂ ನಾಳೆಯಿಂದ ಅದೇ ಕೆಲಸವಲ್ಲವೇ ಅಂತ ಇರಬೇಕು, ಒಂದು ಗಳಿಗೆ ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ತಾಸು ಕಳೆಯಿತು. ರುದ್ರಮುನಿ ತಕ್ಕಡಿ ಹಿಡಿದು ಒಳಗೆ ಬಂದರು, ಹಿಂದೆ ನಾನು. ಹುಡುಗಿಯ ಮುಖ ಕೆಳಗಿತ್ತು, ಬೆರಳು ಮೊರದಲ್ಲಿ ಓಡುತ್ತಿತ್ತು. ಅವಳ ಕುರ್ಚಿಯ ಕೆಳಗೆ ಅಲ್ಲೊಂದು ಇಲ್ಲೊಂದು, ಬೆರಳು ಮಡಿಸಿ ಎಣಿಸುವಷ್ಟು ಬೀಜ. ಉಳಿದ ಮೂರು ಕಡೆಯ ನೆಲ ಎಂದಿಗಿಂತ ಹೆಚ್ಚೇ ತುಂಬಿತ್ತು. ನಾನು ಎಲ್ಲವನ್ನೂ ಒಟ್ಟಿಗೆ ನಡುವಿಗೆ ಬಳಿಯಲಿಲ್ಲ. ಹುಡುಗಿಯ ಕುರ್ಚಿಯ ಕೆಳಗಿನದನ್ನು ಅವಳ ಕುರ್ಚಿಯ ಮುಂದೆ ಗುಡ್ಡೆ ಮಾಡಿದೆ. ಅಪ್ಪನದು ಅಪ್ಪನ ಮುಂದೆ, ಅಮ್ಮನದು ಅಮ್ಮನ ಮುಂದೆ, ಡಾಕ್ಟರರದು ಡಾಕ್ಟರರ ಮುಂದೆ. ಪೊರಕೆ ಗೋಡೆಗೆ ಒರಗಿಸಿ ಕೈ ಕಟ್ಟಿ ನಿಂತೆ.

“ಏನಿದು ಕರಿಬಸಮ್ಮ, ರಂಗೋಲಿ ಹಾಕ್ತಿದೀಯಾ?” ಅಂದರು ರುದ್ರಮುನಿ. “ಎಲ್ಲಾ ಒಟ್ಟಿಗೆ ತಟ್ಟೆಗೆ ತುಂಬು.”

ನಾನು ಅಲ್ಲಾಡಲಿಲ್ಲ. ಯಾರಾದರೂ ತುಂಬಬೇಕಿತ್ತು. ತೂಕದ ಸಾಹೇಬರು ಬಗ್ಗುವುದು ನಿಯಮದಲ್ಲಿಲ್ಲ, ಡಾಕ್ಟರರು ಬಗ್ಗುವುದು ಓದಿನಲ್ಲಿಲ್ಲ. ಕೊನೆಗೆ ತಿಪ್ಪೇಸ್ವಾಮಿಯವರೇ ಎದ್ದರು. ಮಗಳ ಹಣೆಬರಹ ತಾನೇ ತುಂಬುವ ಅಪ್ಪನ ಮುಖದಲ್ಲಿ ಇರಬೇಕಾದದ್ದೆಲ್ಲ ಅವರ ಮುಖದಲ್ಲಿತ್ತು. ಬಗ್ಗಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೆಲ ನೋಡಿದರು. ಮಗಳ ಕುರ್ಚಿಯ ಮುಂದೆ ಒಂದು ಚಿಟಿಕೆ. ತನ್ನ ಕುರ್ಚಿಯ ಮುಂದೆ ಕೆಂಪು ಗುಡ್ಡೆ.

“ಯಾರದಿದು?” ಅಂದರು.

“ನಂದು ಅಪ್ಪ,” ಅಂದಳು ಮಂದಾರ, ಮೊರದಿಂದ ತಲೆ ಎತ್ತದೆ. ಆ ಮಾತೂ ಬೀಜವಾಗಿ ಅವರ ಪಾದದ ಮೇಲೆ ಟಪ್ಪನೆ ಬಿತ್ತು. ಅವರಿಗೆ ಸಿಟ್ಟು ಬಂದಿರಬೇಕು, ನನ್ನ ಮೇಲೋ ತನ್ನ ಮೇಲೋ. ಒಂದು ಹಿಡಿ ಗುಲಗಂಜಿ ಬಾಚಿ ತಟ್ಟೆಗೆ ಎಸೆಯಲು ಕೈಯೆತ್ತಿದರು; ಎತ್ತಿದ ಕೈ ಮುಷ್ಟಿ ಬಿಗಿದು ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಅಂಗೈ ಬಿಸಿಯಾಯಿತು.

ಮುಷ್ಟಿಯೊಳಗಿಂದ ಹುಡುಗಿಯ ದನಿ ಬಂತು. ಮೊದಲು ಒಂದರ ಮೇಲೊಂದು ಕಲಸಿಕೊಂಡು, ಆಮೇಲೆ ಬಿಡಿಬಿಡಿಯಾಗಿ. “ಫ್ಯಾನಿನ ಒಂದು ರೆಕ್ಕೆ ಬಾಗಿದೆ, ಅದಕ್ಕೇ ಸದ್ದು.” “ಅಮ್ಮ, ನಿಂಗೆ ಹಲ್ಲು ನೋಯ್ತಾ ಇದ್ಯಾ?” “ಹಾಲು ಮರೆತಿದ್ದು ನಿಜ ಅಪ್ಪ, ನೀನು ಒಟ್ಟಿಗೆ ಆರು ಕೆಲಸ ಹೇಳಿದ್ದೆ.” ಕೊನೆಗೆ ಒಂದೇ ಮಾತು, ಮತ್ತೆ ಮತ್ತೆ, ನಾಲ್ಕೈದು ಬೀಜದಿಂದ: “ಅಪ್ಪ, ಮೈಕಿನಲ್ಲಿ ಹೇಳೋ ಹಂಗೆ ಮನೇಲೂ ಹೇಳು. ಅಲ್ಲಿ ನಂಗೆ ಎಲ್ಲಾ ಕೇಳುತ್ತೆ.” “ಅಪ್ಪ, ಮೈಕಿನಲ್ಲಿ ಹೇಳೋ ಹಂಗೆ...”

ತಿಪ್ಪೇಸ್ವಾಮಿಯವರು ತಮ್ಮ ಕುರ್ಚಿಯಲ್ಲಿ ಅಲ್ಲ, ನೆಲದ ಮೇಲೆ ಕೂತರು. ಪುಷ್ಪಲತಾ ಕೆನ್ನೆ ಹಿಡಿದುಕೊಂಡಿದ್ದರು. ಆರು ತಿಂಗಳಿಂದ ಅವರ ದವಡೆ ಹಲ್ಲು ನೋಯುತ್ತಿತ್ತಂತೆ, ಗಂಡನಿಗೂ ಹೇಳಿದ್ದರಂತೆ. ಗಂಡನ ಗುಡ್ಡೆಯಲ್ಲಿ ಅವರ ಸಾಸಿವೆಯೂ ಸಾಕಷ್ಟಿತ್ತು.

“ಅವೆಲ್ಲ ಮನೇಲಿ ಮಾತಾಡ್ಕೊಳ್ಳಿ,” ಅಂದರು ರುದ್ರಮುನಿ, ದನಿ ಮಾತ್ರ ಸ್ವಲ್ಪ ಇಳಿದಿತ್ತು. “ನಿಯಮ ನಿಯಮವೇ. ನಾನು ತೂಗ್ಬೇಕು.”

ಆಗ ನಾನು ಬೀಗ ತೆಗೆದೆ. “ತೂಗಿ ಸ್ವಾಮಿ. ನಿಯಮದಲ್ಲಿ ಏನು ಬರೆದಿದೆ ಓದಿ ತೂಗಿ.”

ನನ್ನ ರಾಗಿ ಅವರ ಬೂಟಿನ ಮೇಲೆ ಬಿತ್ತು. ಆದರೆ ಮೊರದ ಹಿಂದಿನಿಂದ ಹುಡುಗಿ ಅದನ್ನೇ, ಅಪ್ಪನ ಮೈಕಿನ ದನಿಯಲ್ಲಿ, ಒಂದಕ್ಷರ ಬಿಡದೆ ಕೂಗಿದಳು: “ತೂಗಿ ಸ್ವಾಮಿ. ನಿಯಮದಲ್ಲಿ ಏನು ಬರೆದಿದೆ ಓದಿ ತೂಗಿ.” ರುದ್ರಮುನಿ ಬೆಚ್ಚಿ ಪುಸ್ತಕ ತೆಗೆದರು. ಅದರಲ್ಲಿದ್ದದ್ದು ಇಷ್ಟು: ‘ಯಾರು ಕೇಳಲಿಲ್ಲವೋ ಅವರ ಹೆಸರಿಗೆ ತೂಗತಕ್ಕದ್ದು. ಅರ್ಧ ಸೇರು ಮೀರಿದವರನ್ನು ಶೆಡ್ಡಿಗೆ ಕಳಿಸತಕ್ಕದ್ದು.’ ಮಗು ಅನ್ನುವ ಪದ ಎಲ್ಲೂ ಇರಲಿಲ್ಲ. ನಿಯಮ ಬರೆದವರು ಅದನ್ನು ಸೇರಿಸುವ ಅಗತ್ಯ ಕಂಡಿರಲಿಲ್ಲ, ಇನ್ಯಾರ ಮೇಲೆ ಅದು ಬಂದೀತು ಅಂತ ಅವರಿಗೆ ಹೊಳೆದಿರಲಿಲ್ಲ.

ಹುಡುಗಿಯ ಗುಡ್ಡೆ ತೂಗಿದರು, ಮುಳ್ಳು ಅಲ್ಲಾಡಲಿಲ್ಲ. ತಿಪ್ಪೇಸ್ವಾಮಿಯವರದು ಅರ್ಧ ಸೇರಿನ ಮೇಲೆ ಎರಡು ಚಟಾಕು. ಪುಷ್ಪಲತಾರದು ಅರ್ಧ ಸೇರಿಗೆ ಕೂದಲೆಳೆಯಷ್ಟು ಕಡಿಮೆ. ನಾಲ್ಕನೇ ಗುಡ್ಡೆ ಕಡೆಗೆ ರುದ್ರಮುನಿ ತಿರುಗಿದಾಗ ಡಾಕ್ಟರ್ ಯಶೋಧರ ಎದ್ದು ನಿಂತರು. ಅವರ ಮುಂದಿನ ಗುಡ್ಡೆ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಹುಡುಗಿಯದಿತ್ತು, ಅಪ್ಪನದಿತ್ತು, ಅಮ್ಮನದಿತ್ತು, ಬೆಳಿಗ್ಗೆ ನಾನು ನಲ್ಲಿ ಸೋರುತ್ತಿದೆ ಅಂದದ್ದೂ ಇತ್ತು.

“ರುದ್ರಮುನಿಯವರೇ,” ಅಂದರು ಅವರು, ಆ ಪುಸ್ತಕದ ದನಿಯಲ್ಲೇ, “ಈ ತಕ್ಕಡಿ ಸರಿಯಾಗಿದೆಯಾ? ನನಗೇಕೋ ಒಂದು ಕಡೆ ವಾಲಿದ ಹಾಗೆ ಕಾಣುತ್ತೆ.”

ರುದ್ರಮುನಿ ಡಾಕ್ಟರರ ಗುಡ್ಡೆ ನೋಡಿದರು. ಆಮೇಲೆ ತಮ್ಮ ಬೂಟಿನ ಮೇಲಿದ್ದ ನನ್ನ ರಾಗಿ ನೋಡಿದರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದರು, ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಓದದೆ ಬಿಟ್ಟ ಅರ್ಜಿಗಳಿದ್ದವು. “ಹೌದು ಡಾಕ್ಟ್ರೇ,” ಅಂದರು. “ವಾಲಿದೆ. ಬಹಳ ದಿನದಿಂದ ವಾಲಿದೆ.” ಮಂದಾರಳ ಹೆಸರಿನ ಮುಂದೆ ಹಸಿರು ಶಾಯಿಯಲ್ಲಿ, ‘ತಕ್ಕಡಿ ದುರಸ್ತಿಯಲ್ಲಿದೆ. ತೀರ್ಮಾನ ಮುಂದೂಡಲಾಗಿದೆ,’ ಅಂತ ಬರೆದು ಸಹಿ ಹಾಕಿದರು.

ಇದಾಗಿ ಐದು ವರ್ಷ. ತಕ್ಕಡಿ ಇನ್ನೂ ದುರಸ್ತಿಯಲ್ಲಿದೆ. ಈ ಐದು ವರ್ಷದಲ್ಲಿ ಒಂದು ಮಗುವೂ ಶೆಡ್ಡಿಗೆ ಹೋಗಿಲ್ಲ. ನಮ್ಮೂರಲ್ಲಿ ನ್ಯಾಯ ಸಿಕ್ಕಿದ್ದಲ್ಲ, ದೊಡ್ಡವರಿಗೆ ಭಯ ಬಂದದ್ದು. ನಮಗೆ ಎರಡೂ ಒಂದೇ ಬಾಗಿಲಿಂದ ಬರುತ್ತವೆ. ಡಾಕ್ಟರ್ ಯಶೋಧರರು ಯಾವುದೋ ದೊಡ್ಡ ಸಭೆಯಲ್ಲಿ ‘ಮೊರ ವಿಧಾನ’ ಅಂತ ಪ್ರಬಂಧ ಓದಿ ಶಾಲು ಹೊದಿಸಿಕೊಂಡು ಬಂದರು. ಅದರಲ್ಲಿ ನನ್ನ ಹೆಸರೂ ಇದೆಯಂತೆ, ಕೊನೆಯ ಪುಟದಲ್ಲಿ, ‘ಸ್ವಚ್ಛತಾ ಸಿಬ್ಬಂದಿಯ ಸಹಕಾರಕ್ಕೆ’ ಅನ್ನುವ ಕಡೆ. ಈಗ ವರಾಂಡದಲ್ಲಿ ಆರು ಮೊರಗಳಿವೆ. ಕೂತ ಮಕ್ಕಳು ಆರಿಸುತ್ತ ಕೇಳುತ್ತಾರೆ. ಅಪ್ಪ ಅಮ್ಮಂದಿರಿಗೂ ಒಂದೊಂದು ಕೊಡಿ ಅಂತ ನಾನು ಹೇಳುತ್ತಲೇ ಇದ್ದೇನೆ, ಅದು ಬೀಳುತ್ತಲೇ ಇದೆ.

ಮಂದಾರ ಶಾಲೆ ಮುಗಿಸಿದಳು, ಎರಡು ವಿಷಯ ಎರಡೆರಡು ಸಲ ಬರೆದು. ಈಗಲೂ ಒಂದು ಚಪ್ಪಲಿ ಕಳೆದುಕೊಳ್ಳುತ್ತಾಳೆ. ಅವರ ಬೀದಿಯಲ್ಲಿ ನಡೆದರೆ ಬೆಳಿಗ್ಗೆ ತಿಪ್ಪೇಸ್ವಾಮಿಯವರ ದನಿ ಕೇಳುತ್ತದೆ: “ಎಂಟು ಗಂಟೆ ಐದು ನಿಮಿಷ. ದೋಸೆ ಅಡುಗೆಮನೆಯಲ್ಲಿ ನಿಂತಿದೆ.” ಒಂದು ಸಲ, ಅಷ್ಟೇ. ಒಳಗಿಂದ “ಬಂದೆ ಅಪ್ಪ” ಅನ್ನುತ್ತಾಳೆ. ಕೆಲವು ದಿನ ಬರುವುದಿಲ್ಲ, ಆಗ ಅವರು ಹಳೆಯ ರಾಗ ತೆಗೆಯುತ್ತಾರೆ, ಹೊಸ್ತಿಲ ಹತ್ತಿರ ನಾಲ್ಕು ಹುಣಸೆ ಬೀಜ ಬಿದ್ದಿರುತ್ತವೆ. ನಾಲ್ಕು ಬಿದ್ದರೆ ಅದು ಮನೆ. ಅವುಗಳ ನಡುವೆ ಕೆಂಪು ಕಾಳೇನಾದರೂ ಇದೆಯೇ ಅಂತ ನಾನು ಬಗ್ಗಿ ನೋಡುತ್ತೇನೆ, ಅಭ್ಯಾಸ.

ನನಗೆ ಗೊತ್ತಿದ್ದದ್ದು ಇಷ್ಟು. ಹೇಳಿದ್ದೇನೆ. ಇನ್ನು ನೀವು ಒಂದು ಸಲ ಬಗ್ಗಿ ನಿಮ್ಮ ಕಾಲ ಬುಡ ನೋಡಿಕೊಳ್ಳಿ. ರಾಗಿ ಕಂಡರೆ ಅದು ನನ್ನದು. ಈ ಸಲ ನೀವೇ ಗುಡಿಸಿ.